ಪಿಂಚಣಿದಾರರು ಕಟ್ಟಿದ ಕಾಲೇಜು

ಶಾಲೆಯಿರಲಿ, ಸರಕಾರಿ ಕಛೇರಿಯಿರಲಿ, ನಿವೃತ್ತಿಯ ದಿನದ ಸಮಾರಂಭ ಎಲ್ಲ ಕಡೆಯೂ ಒಂದೇ ತೆರನಾಗಿರುತ್ತದೆ. ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ನಾಲ್ಕಾರು ಭಾಷಣಗಳು. ಕೊನೆಯಲ್ಲಿ ನೆನಪಿನ ಕಾಣಿಕೆಯಾಗಿ ಹೆಚ್ಚಾಗಿ ಒಂದು ಗೋಡೆ ಗಡಿಯಾರ! ಜೀವಮಾನವಿಡೀ ಗಡಿಯಾರ ನೋಡಿಕೊಂಡು ಓಡಾಡಿದವರಿಗೆ, ಇನ್ನು ಸಮಯ ನೋಡಬೇಕಾಗಿಲ್ಲ ಎನ್ನುವ ದಿನವೇ ನಾವು ಗಡಿಯಾರ ಕೊಡುತ್ತೇವೆ. "ನಿಮ್ಮ ವಿಶ್ರಾಂತ ಜೀವನ ಸುಖಮಯವಾಗಿರಲಿ" ಎಂದು ಹಾರೈಸಿ ಕಳುಹಿಸುತ್ತೇವೆ.

ಆದರೆ ಕೆಲವರು ವಿಶ್ರಾಂತಿ ಪಡೆಯುವುದೇ ಇಲ್ಲ. ಮರುದಿನ ಬೆಳಿಗ್ಗೆಯೇ ಮತ್ತೊಂದು ಕೆಲಸಕ್ಕೆ ಹೊರಟಿರುತ್ತಾರೆ. ಇವರನ್ನು ಕಂಡು ಕೆಲವರು ಹಣದಾಸೆ ಎನ್ನುತ್ತಾರೆ, ಕೆಲವರು ಅಧಿಕಾರದ ಚಪಲ ಎನ್ನುತ್ತಾರೆ, ಇನ್ನು ಕೆಲವರು ಮನೆಯಲ್ಲಿ ಕೂರಲಾಗದ ಚಡಪಡಿಕೆ ಎನ್ನುತ್ತಾರೆ. ಇದರಲ್ಲಿ ಸತ್ಯ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕಲು ಇತಿಹಾಸದಲ್ಲಿ ಒಂದು ಉತ್ತಮ ಉದಾಹರಣೆ ಇದೆ. ಭಾರತೀಯ ಮುಸ್ಲಿಮರ ಆಧುನಿಕ ಶಿಕ್ಷಣದ ಇತಿಹಾಸದಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ಅಲಿಗಢ ಕಾಲೇಜನ್ನು ಮೊದಲ 35 ವರ್ಷಗಳ ಕಾಲ ಒಬ್ಬರ ನಂತರ ಒಬ್ಬರಂತೆ ನಡೆಸಿದ ಪ್ರಮುಖರು ಮೂವರು. ಆ ಮೂವರೂ ನಿವೃತ್ತ ಅಧಿಕಾರಿಗಳು. ಅಲಿಗಢದ ಬಗ್ಗೆ ನಾವು ಬಹಳಷ್ಟು ಓದಿದ್ದೇವೆ, ಕೇಳಿದ್ದೇವೆ. ಆದರೆ ಅದು ಪಿಂಚಣಿದಾರರು ಕಟ್ಟಿದ ಸಂಸ್ಥೆ ಎಂಬ ಅಂಶದ ಕಡೆಗೆ ನಮ್ಮ ಗಮನ ಹೋಗಿರುವುದು ಕಡಿಮೆ.

ನಿವೃತ್ತಿಯ ವಯಸ್ಸು ಎಲ್ಲಿಂದ ಬಂತು?

ಇಂತಿಷ್ಟು ವಯಸ್ಸಿಗೆ ಕೆಲಸ ನಿಲ್ಲಿಸಬೇಕು ಎಂಬ ಕಲ್ಪನೆ ಬಹಳ ಹಳೆಯದೇನೂ ಅಲ್ಲ. ರೈತ, ಕುಂಬಾರ, ನೇಕಾರ, ವ್ಯಾಪಾರಿ ಇವರೆಲ್ಲ ಕೈಲಾಗುವವರೆಗೆ ದುಡಿಯುತ್ತಿದ್ದರು. ಕೈಲಾಗದಿದ್ದಾಗ ಮಕ್ಕಳು ನೋಡಿಕೊಳ್ಳುತ್ತಿದ್ದರು. ಹೊಸ ಕಾಲದ ಸರಕಾರಿ ಸೇವೆ ಮತ್ತು ಕಾರ್ಖಾನೆಗಳ ಜೊತೆಗೆ ನಿವೃತ್ತಿಯೂ ಬಂತು. 1889ರಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಕಾರ್ಮಿಕರ ವೃದ್ಧಾಪ್ಯ ವಿಮೆಯ ಕಾನೂನು ತಂದಾಗ ಪಿಂಚಣಿಯ ವಯಸ್ಸು 70 ಆಗಿತ್ತು. 1916ರಲ್ಲಿ ಅದನ್ನು 65ಕ್ಕೆ ಇಳಿಸಲಾಯಿತು. ಬ್ರಿಟನ್ನಿನಲ್ಲಿ 1908ರ ಕಾನೂನು ಕೂಡ 70 ವರ್ಷ ದಾಟಿದವರಿಗೇ ಪಿಂಚಣಿ ಕೊಟ್ಟಿತು. ಅಂದಿನ ಕಾಲದಲ್ಲಿ ಆ ವಯಸ್ಸು ತಲುಪುವ ಕಾರ್ಮಿಕರೆಷ್ಟು ಮಂದಿ? ಪಿಂಚಣಿ ಎಂದರೆ ಬದುಕಿನ ಕೊನೆಯ ನಾಲ್ಕು ದಿನಗಳ ಆಸರೆ ಎಂದಷ್ಟೇ ಆಗ ಭಾವಿಸಲಾಗಿತ್ತು.

ನಮ್ಮ ದೇಶದಲ್ಲಿ ಸರಕಾರಿ ನೌಕರರಿಗೆ ಬಹುಕಾಲ 55 ವರ್ಷ ನಿವೃತ್ತಿಯ ವಯಸ್ಸಾಗಿತ್ತು. ಕೇಂದ್ರ ಸರಕಾರ ಅದನ್ನು 1962ರಲ್ಲಿ 58ಕ್ಕೂ, 1998ರಲ್ಲಿ 60ಕ್ಕೂ ಏರಿಸಿತು. ಕರ್ನಾಟಕದಲ್ಲಿ 60 ಆದದ್ದು 2008ರಲ್ಲಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಅರುವತ್ತು ದಾಟಿದವರು ಇನ್ನೂ 15-20 ವರ್ಷ ಬದುಕುವುದು ಇಂದು ಸಾಮಾನ್ಯ ಸಂಗತಿ. ಅಂದರೆ ನಿವೃತ್ತಿಯ ನಂತರದ ಬದುಕು ಈಗ ನಾಲ್ಕು ದಿನಗಳದ್ದಲ್ಲ. ಅದು ಆಯುಷ್ಯದ ಒಂದು ದೊಡ್ಡ ಭಾಗ. ಅದನ್ನು ಏನು ಮಾಡಬೇಕು ಎಂಬ ಪ್ರಶ್ನೆ ನೂರೈವತ್ತು ವರ್ಷಗಳ ಹಿಂದೆ ಕೆಲವೇ ಜನರ ಮುಂದಿತ್ತು. ಈಗ ಅದು ಲಕ್ಷಾಂತರ ಮನೆಗಳ ಪ್ರಶ್ನೆ.

ವರ್ಗಾವಣೆಯ 38 ವರ್ಷಗಳು

ಸರ್ ಸಯ್ಯದ್ ಅಹ್ಮದ್ ಖಾನರು ಹುಟ್ಟಿದ್ದು 1817ರ ಅಕ್ಟೋಬರ್ 17ರಂದು, ದೆಹಲಿಯಲ್ಲಿ. 1838ರಲ್ಲಿ ತಂದೆ ತೀರಿಕೊಂಡಾಗ ಮನೆಯ ಹೊಣೆ ಹೆಗಲೇರಿತು. ಅದೇ ವರ್ಷ ಈಸ್ಟ್ ಇಂಡಿಯಾ ಕಂಪೆನಿಯ ನ್ಯಾಯಾಲಯದಲ್ಲಿ ಸಣ್ಣ ಕೆಲಸಕ್ಕೆ ಸೇರಿದರು. 1841ರಲ್ಲಿ ಪರೀಕ್ಷೆ ಪಾಸು ಮಾಡಿ ಮುನ್ಸೀಫರಾದರು. ಅಲ್ಲಿಂದ ಮುಂದೆ ಅವರ ಬದುಕು ಯಾವುದೇ ಸರಕಾರಿ ನೌಕರನ ಬದುಕಿನಂತೆಯೇ ವರ್ಗಾವಣೆಗಳ ಬದುಕು. ಮೈನ್‌ಪುರಿ, ಫತೇಪುರ್ ಸಿಕ್ರಿ, ದೆಹಲಿ, ಬಿಜ್ನೋರ್, ಮುರಾದಾಬಾದ್, ಗಾಝಿಪುರ, ಅಲಿಗಢ, ಬನಾರಸ್ ಹೀಗೆ ಊರಿಂದೂರಿಗೆ ಪೆಟ್ಟಿಗೆ ಕಟ್ಟುತ್ತಲೇ ಇದ್ದರು.

ಹೋದ ಊರಿನಲ್ಲೆಲ್ಲ ಕಛೇರಿಯ ಕೆಲಸದ ಜೊತೆ ಇನ್ನೊಂದು ಕೆಲಸವನ್ನೂ ಅವರು ಹಚ್ಚಿಕೊಳ್ಳುತ್ತಿದ್ದರು. ದೆಹಲಿಯಲ್ಲಿದ್ದಾಗ ಅಲ್ಲಿನ ಹಳೆಯ ಕಟ್ಟಡಗಳನ್ನು ಅಳೆದು, ಶಾಸನಗಳನ್ನು ಓದಿ 1847ರಲ್ಲಿ 'ಆಸಾರುಸ್ಸನಾದೀದ್' ಎಂಬ ಗ್ರಂಥ ಪ್ರಕಟಿಸಿದರು. ಮುರಾದಾಬಾದಿನಲ್ಲಿ 1859ರಲ್ಲಿ ಒಂದು ಶಾಲೆ. ಗಾಝಿಪುರದಲ್ಲಿ ಇನ್ನೊಂದು ಶಾಲೆ. ಪಾಶ್ಚಾತ್ಯ ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ಅನುವಾದಿಸಲು 1864ರಲ್ಲಿ ಗಾಝಿಪುರದಲ್ಲಿಯೇ ಸೈಂಟಿಫಿಕ್ ಸೊಸೈಟಿ ಹುಟ್ಟಿತು. ಅದೇ ವರ್ಷ ಅಲಿಗಢಕ್ಕೆ ವರ್ಗವಾಯಿತು, ಸೊಸೈಟಿಯೂ ಅವರ ಹಿಂದೆಯೇ ಅಲಿಗಢಕ್ಕೆ ಬಂತು. 1866ರಲ್ಲಿ ಅದರ ಪತ್ರಿಕೆ ಆರಂಭವಾಯಿತು. ಕೆಲಸ ಕುದುರಿತು ಎನ್ನುವಷ್ಟರಲ್ಲಿ 1867ರಲ್ಲಿ ಬನಾರಸ್‌ಗೆ ವರ್ಗಾವಣೆ!

ಸರಕಾರಿ ಸೇವೆಯಲ್ಲಿರುವ ಓದುಗರಿಗೆ ಈ ನೋವು ಚೆನ್ನಾಗಿ ಅರ್ಥವಾದೀತು. ಒಂದು ಊರಿನಲ್ಲಿ ಗಿಡ ನೆಟ್ಟು, ಅದು ಬೇರು ಬಿಡುವ ಮೊದಲೇ ಊರು ಬಿಡಬೇಕು. ಬಿಟ್ಟು ಹೋದ ಗಿಡಕ್ಕೆ ನೀರು ಹಾಕುವವರು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಒಣಗಿಹೋಗುತ್ತದೆ.

1869ರಲ್ಲಿ ಸರ್ ಸಯ್ಯದರು ರಜೆ ಪಡೆದು ಇಬ್ಬರು ಪುತ್ರರೊಂದಿಗೆ ಇಂಗ್ಲೆಂಡಿಗೆ ಹೋದರು. ಮಗ ಸಯ್ಯದ್ ಮಹಮೂದರು ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿಗೆ ಸೇರಿದರು. ಅಲ್ಲಿನ ಕಾಲೇಜುಗಳನ್ನು, ವಿದ್ಯಾರ್ಥಿಗಳು ಅಧ್ಯಾಪಕರೊಂದಿಗೆ ಒಟ್ಟಿಗೆ ವಾಸಿಸಿ ಕಲಿಯುವ ರೀತಿಯನ್ನು ತಂದೆ ಕಣ್ಣಾರೆ ಕಂಡರು. 1870ರಲ್ಲಿ ಮರಳಿದಾಗ ಅವರಿಗೆ ಸುಮಾರು 53 ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ 'ತಹಝೀಬುಲ್ ಅಖ್ಲಾಖ್' ಪತ್ರಿಕೆ ಆರಂಭಿಸಿದರು. ಬನಾರಸ್‌ನಲ್ಲಿ ಕುಳಿತೇ ಕಾಲೇಜಿಗೆ ನಿಧಿ ಸಂಗ್ರಹಿಸುವ ಸಮಿತಿ ರಚಿಸಿದರು. ಕಾಲೇಜು ಅಲಿಗಢದಲ್ಲಿ ಆಗಬೇಕೆಂದು ತೀರ್ಮಾನವಾಯಿತು.

ಬನಾರಸ್‌ನಿಂದ ಅಲಿಗಢಕ್ಕೆ

1875ರ ಮೇ 24ರಂದು ಅಲಿಗಢದಲ್ಲಿ ಶಾಲೆ ತೆರೆಯಿತು. ಆದರೆ ಅದನ್ನು ಕನಸು ಕಂಡವರು ಆಗಲೂ ಬನಾರಸ್‌ನ ನ್ಯಾಯಾಧೀಶರ ಪೀಠದಲ್ಲಿದ್ದರು. ಅಲಿಗಢದಲ್ಲಿ ಶಾಲೆಯ ದಿನನಿತ್ಯದ ಹೊಣೆ ಹೊತ್ತವರು ಅವರ ಗೆಳೆಯ, ಸ್ವತಃ ನ್ಯಾಯಾಧೀಶರಾಗಿದ್ದ ಮೌಲವಿ ಸಮೀಉಲ್ಲಾ ಖಾನ್. ಸರ್ ಸಯ್ಯದರು ನೂರಾರು ಮೈಲಿ ದೂರದಿಂದ ಪತ್ರ ಬರೆಯುತ್ತಾ, ಹಣ ಕೂಡಿಸುತ್ತಾ ಒಂದು ವರ್ಷ ಕಳೆದರು.

1876ರ ಜುಲೈ ತಿಂಗಳಲ್ಲಿ ಅವರು ಸೇವೆಯಿಂದ ನಿವೃತ್ತರಾದರು. ವಯಸ್ಸು 58. ಹುಟ್ಟೂರು ದೆಹಲಿಗೆ ಹೋಗಿ ನೆಮ್ಮದಿಯಿಂದ ಇರಬಹುದಾಗಿತ್ತು. ಅವರು ದೆಹಲಿಗೆ ಹೋಗಲಿಲ್ಲ, ಅಲಿಗಢಕ್ಕೆ ಬಂದರು. ಹೊರಗಿನವರ ಕಣ್ಣಿಗೆ ಅದು ನಿವೃತ್ತಿ. ಅವರ ಪಾಲಿಗೆ ಅದು ಜೀವನದ ಮೊತ್ತಮೊದಲ ಸ್ವಂತ ವರ್ಗಾವಣೆ. 38 ವರ್ಷ ಸರಕಾರ ಕಳುಹಿಸಿದಲ್ಲಿಗೆ ಹೋದವರು ಈಗ ತಮ್ಮ ಕೆಲಸ ಇದ್ದಲ್ಲಿಗೆ ತಾವೇ ಹೋದರು.

ಆರು ತಿಂಗಳೊಳಗೆ, 1877ರ ಜನವರಿ 8ರಂದು, ವೈಸರಾಯ್ ಲಾರ್ಡ್ ಲಿಟ್ಟನ್‌ರಿಂದ ಮುಹಮ್ಮದನ್ ಆಂಗ್ಲೋ ಓರಿಯೆಂಟಲ್ ಕಾಲೇಜಿನ ಶಿಲಾನ್ಯಾಸ ನಡೆಯಿತು. ಸೇನೆಯ ಹಳೆಯ ಪೆರೇಡ್ ಮೈದಾನ ಕಾಲೇಜಿನ ನಿವೇಶನವಾಯಿತು. ಅಲ್ಲಿಂದ 1898ರ ಮಾರ್ಚ್ 27ರಂದು ಕೊನೆಯುಸಿರೆಳೆಯುವ ತನಕ ಸುಮಾರು 22 ವರ್ಷ ಅವರು ಅಲಿಗಢದಲ್ಲಿ ದುಡಿದರು. ಇಂದು ಸರ್ ಸಯ್ಯದ್ ಎಂದೊಡನೆ ನಮಗೆ ನೆನಪಾಗುವ ಬಹುಪಾಲು ಕೆಲಸ ಈ 22 ವರ್ಷಗಳದ್ದು ಎಂಬುದನ್ನು ಗಮನಿಸಬೇಕು. ಅವರು 58ಕ್ಕೆ ಕೈಕಟ್ಟಿ ಕುಳಿತಿದ್ದರೆ ಒಬ್ಬ ಒಳ್ಳೆಯ ನ್ಯಾಯಾಧೀಶ, ಒಬ್ಬ ವಿದ್ವಾಂಸ ಎಂದಷ್ಟೇ ಇತಿಹಾಸದಲ್ಲಿ ಉಳಿಯುತ್ತಿದ್ದರು.

ಪಿಂಚಣಿ ಕೊಟ್ಟ ಸ್ವಾತಂತ್ರ್ಯ

ಆ 22 ವರ್ಷಗಳಲ್ಲಿ ಅವರು ಮಾಡಿದ್ದೇನು? ಕಟ್ಟಡದ ಕೆಲಸವನ್ನು ತಾವೇ ನಿಂತು ನೋಡಿಕೊಂಡರು. ಪತ್ರಿಕೆಗೆ ಬರೆದರು. ಕುರ್‌ಆನ್ ವ್ಯಾಖ್ಯಾನದ ಸಂಪುಟಗಳನ್ನು ಹೊರತಂದರು. 1878ರಲ್ಲಿ ವೈಸರಾಯರ ಶಾಸನ ಸಭೆಯ ಸದಸ್ಯರಾದರು. ಸಿಡುಬು ರೋಗಕ್ಕೆ ಲಸಿಕೆ ಹಾಕಿಸುವ ಬಗೆಗಿನ ಮಸೂದೆಯನ್ನು ಮಂಡಿಸಿದವರು ಅವರೇ. 1880ರಲ್ಲಿ ಅದು ಕಾನೂನಾಯಿತು. ಅಲಿಗಢ ಒಂದರಿಂದಲೇ ದೇಶದ ಮುಸ್ಲಿಮರ ಶಿಕ್ಷಣದ ಕೊರತೆ ನೀಗದು ಎಂದು ಅರಿತು 1886ರಲ್ಲಿ ಮುಹಮ್ಮದನ್ ಎಜುಕೇಶನಲ್ ಕಾನ್ಫರೆನ್ಸ್ ಸ್ಥಾಪಿಸಿದರು. ಅದರ ಅಧಿವೇಶನಗಳು ಬೇರೆ ಬೇರೆ ನಗರಗಳಲ್ಲಿ ನಡೆದು ಊರೂರುಗಳಲ್ಲಿ ಶಾಲೆ ತೆರೆಯುವ ಮಾತು ಹಬ್ಬಿತು. ನಮ್ಮಂತಹ ಶಿಕ್ಷಣ ಸಂಘಗಳ ಹಿಂದೆ ಆ ಮಾತಿನ ಪ್ರತಿಧ್ವನಿ ಇದೆ ಎಂದರೆ ತಪ್ಪಾಗಲಾರದು.

ಎಲ್ಲಕ್ಕಿಂತ ಕಷ್ಟದ ಕೆಲಸ ಹಣ ಕೂಡಿಸುವುದು. ಅದಕ್ಕಾಗಿ ಅವರು ಮಾಡದ ಪ್ರಯತ್ನವಿಲ್ಲ. ಲಾಟರಿ ನಡೆಸಿದರು. ವಸ್ತು ಪ್ರದರ್ಶನದಲ್ಲಿ ಪುಸ್ತಕದ ಅಂಗಡಿ ಇಟ್ಟು ಕುಳಿತರು. ಗೌರವಾನ್ವಿತ ನಿವೃತ್ತ ನ್ಯಾಯಾಧೀಶರು ಬಿಳಿಗಡ್ಡದಲ್ಲಿ ರಂಗದ ಮೇಲೆ ಹತ್ತಿ ನಿಂತರು. ಮನೆತನದ ಮರ್ಯಾದೆ ಏನಾಯಿತು ಎಂದು ನಕ್ಕವರಿದ್ದರು. ನಕ್ಕವರು ಟಿಕೆಟ್ ಕೊಂಡೇ ನಗಬೇಕಾಯಿತು ಎಂಬುದು ಬೇರೆ ಮಾತು. 1884ರಲ್ಲಿ 66ರ ವಯಸ್ಸಿನಲ್ಲಿ ಪಂಜಾಬಿನ ಲುಧಿಯಾನ, ಲಾಹೋರ್, ಅಮೃತಸರ ಮೊದಲಾದ ನಗರಗಳ ಪ್ರವಾಸ ಮಾಡಿದರು. 1891ರಲ್ಲಿ ನಿಯೋಗ ಕಟ್ಟಿಕೊಂಡು ಹೈದರಾಬಾದಿಗೆ ಹೋದರು. ದಾನಿಗಳ ಹೆಸರುಗಳನ್ನು ಕಟ್ಟಡದ ಗೋಡೆಗಳಲ್ಲಿ ಕೆತ್ತಿಸಿದರು. ಆ ಹೆಸರುಗಳಲ್ಲಿ ಹಿಂದೂ ಗೃಹಸ್ಥರ ಹೆಸರುಗಳೂ ಇವೆ. ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿತ್ತು. ಅಲ್ಲಿಂದ ಮೊದಲು ಪದವಿ ಪಡೆದ ವಿದ್ಯಾರ್ಥಿ ಒಬ್ಬ ಹಿಂದೂ ಯುವಕ.

ಇದೆಲ್ಲ ಸೇವೆಯಲ್ಲಿದ್ದಾಗ ಸಾಧ್ಯವಿತ್ತೇ? ನ್ಯಾಯಾಧೀಶನೊಬ್ಬ ತನ್ನ ಮುಂದೆ ವ್ಯಾಜ್ಯ ತರಬಹುದಾದ ಶ್ರೀಮಂತರ ಬಳಿ ಚಂದಾ ಕೇಳುವುದು ಹೇಗೆ? ತಿಂಗಳುಗಟ್ಟಲೆ ಪ್ರವಾಸ ಹೋಗಲು ರಜೆ ಕೊಡುವವರು ಯಾರು? ನಿವೃತ್ತಿ ಈ ಕಟ್ಟುಗಳನ್ನು ಬಿಚ್ಚಿತು. ಪಿಂಚಣಿ ಹೊಟ್ಟೆಯ ಚಿಂತೆಯನ್ನು ದೂರ ಮಾಡಿತು. ಕಾಲೇಜಿಗಾಗಿ ಕೈ ಚಾಚುವಾಗ ತನಗಾಗಿ ಚಾಚುತ್ತಿಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯ ಬಂತು. ಜೊತೆಗೆ 38 ವರ್ಷಗಳ ಕಛೇರಿ ಅನುಭವ ಇತ್ತು. ಸರಕಾರಕ್ಕೆ ಅರ್ಜಿ ಹೇಗೆ ಬರೆಯಬೇಕು, ನಿಯಮಾವಳಿ ಹೇಗೆ ರಚಿಸಬೇಕು, ಯಾವ ಅಧಿಕಾರಿಯ ಬಳಿ ಯಾವ ಕೆಲಸ ಆಗುತ್ತದೆ ಎಂಬುದೆಲ್ಲ ಅವರಿಗೆ ಕರತಲಾಮಲಕ. ಸರಕಾರಕ್ಕಾಗಿ ಕಲಿತ ವಿದ್ಯೆ ಸಮಾಜಕ್ಕಾಗಿ ಬಳಕೆಯಾಯಿತು.

ಕುರ್ಚಿಯ ಮೋಹ

ಇಷ್ಟು ಹೇಳಿ ನಿಲ್ಲಿಸಿದರೆ ಲೇಖನ ಹೊಗಳಿಕೆಯಷ್ಟೇ ಆದೀತು. ಹಿರಿಯರ ಬದುಕಿನಿಂದ ಅವರ ಯಶಸ್ಸನ್ನು ಮಾತ್ರ ಕಲಿತರೆ ಸಾಲದು, ಅವರ ಎಡವಟ್ಟುಗಳಿಂದಲೂ ಕಲಿಯಬೇಕು.

1889ರಲ್ಲಿ ಕಾಲೇಜಿನ ಆಡಳಿತಕ್ಕೆ ಟ್ರಸ್ಟಿಗಳ ನಿಯಮಾವಳಿ ಬಂತು. ಆಗ ಸರ್ ಸಯ್ಯದರಿಗೆ 71 ವರ್ಷ. ತಮ್ಮ ನಂತರ ಕಾರ್ಯದರ್ಶಿಯ ಸ್ಥಾನ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ಅವರು ಮಗ ಸಯ್ಯದ್ ಮಹಮೂದರನ್ನು ಜಂಟಿ ಕಾರ್ಯದರ್ಶಿಯಾಗಿಸಿದರು. ಮಹಮೂದರು ಸಾಮಾನ್ಯರಲ್ಲ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ, ಮಹಾ ಮೇಧಾವಿ. ಆದರೂ ಸಾರ್ವಜನಿಕ ಸಂಸ್ಥೆಯಲ್ಲಿ ತಂದೆಯ ನಂತರ ಮಗ ಎಂಬುದು ಹಳೆಯ ಒಡನಾಡಿಗಳಿಗೆ ಹಿಡಿಸಲಿಲ್ಲ. ಮೊದಲ ದಿನದಿಂದ ಶಾಲೆಯನ್ನು ಸಾಕಿದ ಸಮೀಉಲ್ಲಾ ಖಾನರು ದೂರ ಸರಿದರು. ಇನ್ನೂ ಕೆಲವು ಗೆಳೆಯರು ವಿರೋಧಿಸಿದರು.

1895ರಲ್ಲಿ ಇನ್ನೊಂದು ಆಘಾತ. ಕಾಲೇಜು ಕಛೇರಿಯ ಗುಮಾಸ್ತನೊಬ್ಬ ಒಂದು ಲಕ್ಷ ರೂಪಾಯಿಗೂ ಹೆಚ್ಚು ಹಣ ನುಂಗಿದ್ದು ಬೆಳಕಿಗೆ ಬಂತು. ಅಂದಿನ ಒಂದು ಲಕ್ಷ ಎಂದರೆ ಊಹಿಸಿಕೊಳ್ಳಿ! ಮನೆಮನೆ ತಿರುಗಿ ಕೂಡಿಸಿದ ಹಣ ಅದು. ಎಂಬತ್ತರ ಹೊಸ್ತಿಲಲ್ಲಿದ್ದ ಹಿರಿಯರು ನಂಬಿಕೆಯ ಮೇಲೆ ಎಲ್ಲವನ್ನೂ ಬಿಟ್ಟಿದ್ದರು, ಲೆಕ್ಕ ನೋಡುವ ಎರಡನೆಯ ಕಣ್ಣು ಇರಲಿಲ್ಲ. ಕಾಲೇಜಿನ ಹೆಸರಿಗೆ ಪೆಟ್ಟು ಬಿತ್ತು, ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು. ಸರ್ ಸಯ್ಯದರ ಕೊನೆಯ ಮೂರು ವರ್ಷಗಳು ದುಃಖದಲ್ಲಿಯೇ ಕಳೆದವು.

ಇದರಿಂದ ಅವರ ದೊಡ್ಡತನ ಕಡಿಮೆಯಾಗುವುದಿಲ್ಲ. ಆದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಿವೃತ್ತಿಯ ನಂತರವೂ ಕೆಲಸ ಮಾಡುವುದು ಒಂದು, ಕೊನೆಯವರೆಗೆ ಎಲ್ಲವನ್ನೂ ತಾನೇ ಹಿಡಿದುಕೊಳ್ಳುವುದು ಇನ್ನೊಂದು. ಮೊದಲನೆಯದು ಸಂಸ್ಥೆಯನ್ನು ಕಟ್ಟುತ್ತದೆ. ಎರಡನೆಯದು ಕಟ್ಟಿದ ಸಂಸ್ಥೆಯನ್ನೇ ಅಲುಗಾಡಿಸುತ್ತದೆ.

ಹೈದರಾಬಾದಿನಿಂದ ಬಂದ ಇಬ್ಬರು

ಸರ್ ಸಯ್ಯದರು ತೀರಿಕೊಂಡಾಗ ಕಾಲೇಜು ಸಾಲದಲ್ಲಿತ್ತು. ಅದನ್ನು ಮುಚ್ಚಬೇಕಾದೀತು ಎನ್ನುವ ಮಾತೂ ಕೇಳಿಬರುತ್ತಿತ್ತು. ಆಗ ಮುಂದೆ ಬಂದವರು ನವಾಬ್ ಮುಹ್ಸಿನುಲ್ ಮುಲ್ಕ್. ಇವರ ನಿಜವಾದ ಹೆಸರು ಸಯ್ಯದ್ ಮಹ್ದಿ ಅಲಿ. ಉತ್ತರ ಭಾರತದಲ್ಲಿ ತಹಶೀಲ್ದಾರ್, ಡೆಪ್ಯುಟಿ ಕಲೆಕ್ಟರ್ ಆಗಿದ್ದು 1874ರಲ್ಲಿ ಹೈದರಾಬಾದ್ ನಿಜಾಮರ ಸೇವೆಗೆ ಹೋದವರು. ಅಲ್ಲಿ ಉನ್ನತ ಹುದ್ದೆಗಳಲ್ಲಿದ್ದು 1893ರಲ್ಲಿ ಪಿಂಚಣಿ ಪಡೆದು ಮರಳಿದರು. ಕುತೂಹಲದ ಸಂಗತಿ ಏನೆಂದರೆ, ಆರಂಭದಲ್ಲಿ ಇವರು ಸರ್ ಸಯ್ಯದರ ವಿಚಾರಗಳ ಕಟು ಟೀಕಾಕಾರರಾಗಿದ್ದರು. ಆಮೇಲೆ ಆಪ್ತಮಿತ್ರರಾದರು.

1899ರಲ್ಲಿ 61ನೆಯ ವಯಸ್ಸಿನಲ್ಲಿ ಕಾಲೇಜಿನ ಕಾರ್ಯದರ್ಶಿಯಾದ ಇವರು, ಸರ್ ಸಯ್ಯದರ ಸ್ಮಾರಕವಾಗಿ ಕಾಲೇಜನ್ನು ವಿಶ್ವವಿದ್ಯಾನಿಲಯವಾಗಿಸೋಣ ಎಂದು ನಿಧಿ ಸಂಗ್ರಹಕ್ಕೆ ಹೊರಟರು. ಸಾಲ ತೀರಿತು. ವಿದ್ಯಾರ್ಥಿಗಳ ಸಂಖ್ಯೆ ಮತ್ತೆ ಏರಿತು. ಮುನಿಸಿಕೊಂಡು ಹೋಗಿದ್ದವರನ್ನು ಮಾತಿನಿಂದ, ನಗೆಯಿಂದ ಒಲಿಸಿ ಕರೆತಂದರು. 1907ರ ಅಕ್ಟೋಬರಿನಲ್ಲಿ ಸಿಮ್ಲಾದಲ್ಲಿ ತೀರಿಕೊಳ್ಳುವಾಗಲೂ ಅವರು ಕಾರ್ಯದರ್ಶಿಯೇ ಆಗಿದ್ದರು.

ಅವರ ನಂತರ ಆ ಸ್ಥಾನಕ್ಕೆ ಬಂದವರು ನವಾಬ್ ವಿಖಾರುಲ್ ಮುಲ್ಕ್, ಅಂದರೆ ಮುಷ್ತಾಖ್ ಹುಸೇನ್. ಇವರೂ ಹೈದರಾಬಾದಿನ ಸೇವೆಯಿಂದ ನಿವೃತ್ತರಾಗಿ ಅಮ್ರೋಹಾಕ್ಕೆ ಮರಳಿದ್ದವರು. 1889ರಲ್ಲಿ ಸರ್ ಸಯ್ಯದರ ತೀರ್ಮಾನವನ್ನು ವಿರೋಧಿಸಿದವರಲ್ಲಿ ಇವರೂ ಒಬ್ಬರು. ಆದರೆ ವ್ಯಕ್ತಿಯೊಡನೆ ಇದ್ದ ಭಿನ್ನಾಭಿಪ್ರಾಯವನ್ನು ಸಂಸ್ಥೆಯ ಮೇಲೆ ತೀರಿಸಿಕೊಳ್ಳಲಿಲ್ಲ. ಕರೆ ಬಂದಾಗ 66ರ ವಯಸ್ಸಿನಲ್ಲಿ ಎದ್ದು ಬಂದರು. ಕಾಲೇಜಿನ ಆಡಳಿತದಲ್ಲಿ ಕೊನೆಯ ಮಾತು ಯಾರದು, ಯುರೋಪಿಯನ್ ಪ್ರಿನ್ಸಿಪಾಲರದೋ ಟ್ರಸ್ಟಿಗಳದೋ ಎಂಬ ವಿವಾದ ಎದ್ದಾಗ ಟ್ರಸ್ಟಿಗಳ ಹಕ್ಕನ್ನು ಬಿಟ್ಟುಕೊಡಲಿಲ್ಲ. 1909ರಲ್ಲಿ ಪ್ರಿನ್ಸಿಪಾಲರೇ ರಾಜೀನಾಮೆ ಕೊಟ್ಟು ಹೋದರು. ಸರಕಾರದ ಕೃಪೆಯಲ್ಲಿರುವ ನೌಕರನಿಗೆ ಇಂತಹ ನಿಲುವು ತೋರುವುದು ಕಷ್ಟವಿತ್ತು.

1912ರಲ್ಲಿ ಆರೋಗ್ಯ ಕೆಟ್ಟಾಗ ವಿಖಾರುಲ್ ಮುಲ್ಕ್ ಕಾರ್ಯದರ್ಶಿ ಸ್ಥಾನವನ್ನು ತಾವೇ ಬಿಟ್ಟರು. ಮುಂದೆ ಐದು ವರ್ಷ ಬದುಕಿದ್ದು 1917ರಲ್ಲಿ ತೀರಿಕೊಂಡರು. ಹಿಡಿಯುವುದನ್ನೂ ಬಿಡುವುದನ್ನೂ ಅವರಿಂದ ಕಲಿಯಬೇಕು.

ಪಟ್ಟ ಬಿಟ್ಟ ಬೇಗಂ

1920ರಲ್ಲಿ ಅಲಿಗಢ ಕಾಲೇಜು ವಿಶ್ವವಿದ್ಯಾನಿಲಯವಾಯಿತು. ಅದರ ಮೊದಲ ಕುಲಾಧಿಪತಿ ಒಬ್ಬ ಮಹಿಳೆ, ಭೋಪಾಲದ ರಾಣಿ ಸುಲ್ತಾನ್ ಜಹಾನ್ ಬೇಗಂ. 1901ರಿಂದ ಭೋಪಾಲವನ್ನು ಆಳಿದ ಇವರು ಹೆಣ್ಣುಮಕ್ಕಳ ಶಿಕ್ಷಣಕ್ಕೆ ವಿಶೇಷ ಒತ್ತು ಕೊಟ್ಟಿದ್ದರು. ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 1906ರಲ್ಲಿ ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದಾಗ ಬೆನ್ನಿಗೆ ನಿಂತವರು, 1914ರಲ್ಲಿ ಅದರ ವಸತಿ ನಿಲಯವನ್ನು ಉದ್ಘಾಟಿಸಿದವರು ಇವರೇ.

1926ರಲ್ಲಿ ಅವರು ಪಟ್ಟವನ್ನು ಮಗ ಹಮೀದುಲ್ಲಾ ಖಾನರಿಗೆ ಬಿಟ್ಟುಕೊಟ್ಟರು. ರಾಣಿಗೆ ನಿವೃತ್ತಿ ವಯಸ್ಸೆಂಬುದು ಇಲ್ಲ. ಅವರು ತಾವಾಗಿಯೇ ಇಳಿದರು. ಆದರೆ ಶಿಕ್ಷಣದ ಕೆಲಸದಿಂದ ಇಳಿಯಲಿಲ್ಲ. 1928ರಲ್ಲಿ ದೆಹಲಿಯಲ್ಲಿ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1930ರಲ್ಲಿ ತೀರಿಕೊಳ್ಳುವವರೆಗೂ ಅಲಿಗಢದ ಕುಲಾಧಿಪತಿಯಾಗಿದ್ದರು. ಅಧಿಕಾರವೇ ಅವರ ಕೆಲಸವಾಗಿದ್ದರೆ ಪಟ್ಟದೊಂದಿಗೆ ಎಲ್ಲವೂ ಮುಗಿಯುತ್ತಿತ್ತು.

ನಮ್ಮ ನಾಡಿನ ಇಬ್ಬರು

ಇಂತಹ ಬದುಕು ಕಾಣಲು ಅಲಿಗಢಕ್ಕೇ ಹೋಗಬೇಕೆಂದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೊಂಬಾಯಿ ಸರಕಾರದ ಲೋಕೋಪಯೋಗಿ ಇಲಾಖೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದದ್ದು 1908ರಲ್ಲಿ. ಅಲ್ಲಿನ ಅತ್ಯುನ್ನತ ಹುದ್ದೆ ಭಾರತೀಯನಿಗೆ ಸಿಗುವಂತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಮುಳುಗಿಸಿತು. ನಿಜಾಮ ಸರಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಅವರ ಸಲಹೆಯ ಫಲ. ಬಳಿಕ ಮೈಸೂರಿನ ಮುಖ್ಯ ಇಂಜಿನಿಯರ್, 1912ರಿಂದ 1918ರವರೆಗೆ ದಿವಾನ್. ಕನ್ನಂಬಾಡಿ ಅಣೆಕಟ್ಟು, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯ ಎಲ್ಲವೂ ಅವರ 'ನಿವೃತ್ತಿ'ಯ ನಂತರದವು! 1923ರಿಂದ 1929ರವರೆಗೆ ಭದ್ರಾವತಿ ಕಬ್ಬಿಣ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮೆಯಲ್ಲಿ ಗಂಗಾನದಿಗೆ ಸೇತುವೆಯ ಜಾಗ ಆರಿಸುವ ಕೆಲಸ ಅವರ ಪಾಲಿಗೆ ಬಂತು.

ಬೆಂಗಳೂರಿನಲ್ಲಿ ಹುಟ್ಟಿದ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದವರು. ಬೃಂದಾವನ ಉದ್ಯಾನ, ಹಳ್ಳಿಗಳಿಗೆ ವಿದ್ಯುತ್ತು, ಕಾಗದ, ಸಿಮೆಂಟು ಮೊದಲಾದ ಕಾರ್ಖಾನೆಗಳು ಅವರ ನೆನಪನ್ನು ಉಳಿಸಿವೆ. ದಿವಾನಗಿರಿ ಬಿಟ್ಟ ಮರುವರ್ಷವೇ ಜೈಪುರ ಅವರನ್ನು ಪ್ರಧಾನಿಯಾಗಿ ಕರೆಯಿತು. ಆ ನಗರವನ್ನು ಅವರು ತಿದ್ದಿ ತೀಡಿದ ಗುರುತಾಗಿ ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರ ಹೆಸರಿದೆ. 1946ರಲ್ಲಿ ಹೈದರಾಬಾದಿನ ಪ್ರಧಾನಿಯಾದರು. ಮುಂದೆ ವಿಶ್ವಸಂಸ್ಥೆಯ ಪರವಾಗಿ ಇಂಡೋನೇಷ್ಯಾದಲ್ಲಿ ದುಡಿದರು. ಒಂದು ಊರಿನಲ್ಲಿ ಕಲಿತದ್ದನ್ನು ಇನ್ನೊಂದು ಊರಿಗೆ ಧಾರೆ ಎರೆದರು.

ನಿವೃತ್ತಿಯೇ ಇಲ್ಲದವರು

ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ನಿವೃತ್ತಿಯ ನಂತರ ದುಡಿಯುವವರೆಲ್ಲ ಸಾಧಕರಲ್ಲ. ಎಷ್ಟೋ ಮಂದಿ ದುಡಿಯುವುದು ದುಡಿಯದೆ ವಿಧಿಯಿಲ್ಲದ ಕಾರಣಕ್ಕೆ. ಮಗಳ ಮದುವೆ, ಮಗನ ಫೀಸು, ಮನೆಯ ಸಾಲ, ಔಷಧದ ಖರ್ಚು ಇವು ನಿವೃತ್ತಿಯ ಆದೇಶ ನೋಡಿ ನಿಲ್ಲುವುದಿಲ್ಲ. ಕೇಂದ್ರದಲ್ಲಿ 2004ರ ನಂತರ, ಕರ್ನಾಟಕದಲ್ಲಿ 2006ರ ನಂತರ ಸೇವೆಗೆ ಸೇರಿದವರಿಗೆ ಹಳೆಯ ರೀತಿಯ ಪಿಂಚಣಿಯ ಭರವಸೆಯೂ ಇಲ್ಲದಾಯಿತು. ಬೀಡಿ ಕಟ್ಟುವ ತಾಯಂದಿರಿಗೆ, ಮೀನು ಮಾರುವವರಿಗೆ, ಗಾರೆ ಕೆಲಸದವರಿಗೆ, ಗುಜರಿ ಅಂಗಡಿಯಲ್ಲಿ ದುಡಿಯುವವರಿಗೆ ನಿವೃತ್ತಿ ಎಂಬ ಪದವೇ ಗೊತ್ತಿಲ್ಲ. ಮನೆಯೊಳಗಿನ ಅಡಿಗೆ ಕೆಲಸಕ್ಕಂತೂ ಯಾವ ಸರಕಾರವೂ ನಿವೃತ್ತಿ ವಯಸ್ಸು ಗೊತ್ತು ಮಾಡಿಲ್ಲ. ಸಾಹೇಬರು ನಿವೃತ್ತರಾದ ಮೇಲೆ ಮನೆಯಾಕೆಗೆ ಮಧ್ಯಾಹ್ನದ ಚಹಾ ಒಂದು ಹೆಚ್ಚಾಗುತ್ತದೆ, ಅಷ್ಟೆ.

ಆದ್ದರಿಂದ ಹೊಟ್ಟೆಪಾಡಿಗಾಗಿ ಮುಪ್ಪಿನಲ್ಲಿ ದುಡಿಯುವವರನ್ನು ಕಂಡು 'ಎಷ್ಟು ಉತ್ಸಾಹ' ಎಂದು ಹೊಗಳುವುದು ಕ್ರೌರ್ಯವಾದೀತು. ಅವರಿಗೆ ಬೇಕಾದದ್ದು ಹೊಗಳಿಕೆಯಲ್ಲ, ವಿಶ್ರಾಂತಿ. ಕೆಲಸವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವವರು ಭಾಗ್ಯವಂತರು. ಆ ಭಾಗ್ಯ ಇದ್ದವರ ಮೇಲೆ ಹೊಣೆಯೂ ಹೆಚ್ಚು.

ನಮಗೇನು ಪಾಠ?

ಮೇಲೆ ಹೇಳಿದ ಬದುಕುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆರಂಭದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹುದ್ದೆ ಬೇರೆ, ಕೆಲಸ ಬೇರೆ. ಹುದ್ದೆ ಸರಕಾರ ಕೊಟ್ಟದ್ದು, ಅದನ್ನು ಸರಕಾರವೇ ಒಂದು ದಿನ ಹಿಂದೆ ಪಡೆಯುತ್ತದೆ. ಕೆಲಸ ನಾವು ಆರಿಸಿಕೊಂಡದ್ದು. ಹುದ್ದೆಯನ್ನೇ ಕೆಲಸ ಎಂದುಕೊಂಡವರಿಗೆ ನಿವೃತ್ತಿಯ ದಿನ ಎಲ್ಲವೂ ಬರಿದಾಗುತ್ತದೆ. ಹುದ್ದೆಯಲ್ಲಿದ್ದಾಗಲೇ ತನ್ನದೊಂದು ಕೆಲಸವನ್ನು ಕಂಡುಕೊಂಡವರಿಗೆ ಅಂದು ಬಾಗಿಲು ತೆರೆಯುತ್ತದೆ. ಸರ್ ಸಯ್ಯದರು 58ಕ್ಕೆ ಹೊಸ ಕೆಲಸ ಹುಡುಕಲಿಲ್ಲ. ಮುರಾದಾಬಾದಿನಲ್ಲಿ 1859ರಲ್ಲಿ ಹಿಡಿದ ಕೆಲಸವನ್ನೇ ಮುಂದುವರಿಸಿದರು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಈ ಲೇಖನ ಅಜ್ಜಂದಿರಿಗೆ ಸಂಬಂಧಿಸಿದ್ದು ಎಂದು ಪುಟ ತಿರುವಬೇಡಿ. ನಿವೃತ್ತಿಯ ತಯಾರಿ ಅರುವತ್ತರಲ್ಲಿ ಆಗುವುದಿಲ್ಲ. ನೀವು ಡಾಕ್ಟರರಾಗಿ, ಇಂಜಿನಿಯರರಾಗಿ, ಗುಮಾಸ್ತರಾಗಿ, ಗಲ್ಫಿಗೆ ಹೋಗಿ. ಆದರೆ ಸಂಬಳಕ್ಕೆ ಸಂಬಂಧವಿಲ್ಲದ ಒಂದು ಕೆಲಸವನ್ನು ಈಗಿನಿಂದಲೇ ಕೈಯಲ್ಲಿ ಇಟ್ಟುಕೊಳ್ಳಿ.

ಸಂಘದ ನಿವೃತ್ತ ಸದಸ್ಯರಲ್ಲಿ ಒಂದು ವಿನಂತಿ. ಬ್ಯಾಂಕಿನಲ್ಲಿದ್ದವರು ಶಾಲೆಗಳ ಲೆಕ್ಕಪತ್ರ ನೋಡಬಹುದು. ಅಲಿಗಢದ 1895ರ ಘಟನೆ ಆ ಕೆಲಸದ ಬೆಲೆ ಎಷ್ಟೆಂದು ಹೇಳುತ್ತದೆ. ಕಛೇರಿಗಳಲ್ಲಿದ್ದವರು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ನೆರವಾಗಬಹುದು. ಅಧ್ಯಾಪಕರಾಗಿದ್ದವರು ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಸಂಜೆ ಒಂದು ಗಂಟೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ಇವುಗಳಿಗೆ ಕುರ್ಚಿ ಬೇಡ, ವೇದಿಕೆ ಬೇಡ. ಕುರ್ಚಿ ಕಿರಿಯರಿಗಿರಲಿ, ಪಕ್ಕದಲ್ಲಿ ನಿಂತು ದಾರಿ ತೋರುವ ಕೆಲಸ ಹಿರಿಯರದಾಗಲಿ.

ಇನ್ನು ಮುಂದೆ ನಾವು ಯಾರಿಗಾದರೂ ಬೀಳ್ಕೊಡುಗೆಯಲ್ಲಿ ಗಡಿಯಾರ ಕೊಡುವಾಗ ಒಂದು ಮಾತು ಸೇರಿಸಿ ಹೇಳೋಣ: ಇಷ್ಟು ದಿನ ಈ ಗಡಿಯಾರ ಕಛೇರಿಯದಾಗಿತ್ತು, ಇನ್ನು ಮುಂದೆ ಇದು ನಿಮ್ಮದು.